ಅಡಿಟಿಪ್ಪಣಿಯಿಂದ ಓದು ಶುರು ಮಾಡುತ್ತಿದ್ದವರು

ಮೇಡಂ ಅವರ ಅಂಗೈಯಲ್ಲಿದ್ದದ್ದು ಸುಟ್ಟ ಕಲೆಯೋ ಮಾಸಿದ ಮೆಹಂದಿಯೋ, ಈಗ ಆಣೆ ಮಾಡಿ ಹೇಳಲಾರೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಆ ಅಂಗೈ ಪುಟದ ಮೇಲ್ಭಾಗವನ್ನು ಪೂರ್ತಿ ಮುಚ್ಚುತ್ತಿತ್ತು. ನನ್ನ ಪಿಎಚ್‌ಡಿಗೆ ಗೈಡ್ ಆಗಿದ್ದ ಅವರು ಮೊದಲು ಓದುತ್ತಿದ್ದದ್ದು ಅಡಿಟಿಪ್ಪಣಿ. ಅದು ಒಪ್ಪಿಗೆಯಾದರೆ ಮಾತ್ರ ಕೈ ತೆಗೆಯುವುದು. ಎಷ್ಟೋ ಸಲ ತೆಗೆಯಲೇ ಇಲ್ಲ.

ಹತ್ತಿಮತ್ತೂರಿನಿಂದ ಬಸ್ಸು ಬದಲಿಸಿ ಹಿರೇಕೆರೂರಿನ ಅವರ ಮನೆಗೆ ಹೋಗಬೇಕು. ಚಹಾ ಕೊಡುವರು, ಸಹಿ ಕೊಡರು. ವಾರದೊಳಗೆ ಪ್ರಬಂಧ ಸಲ್ಲಿಸಿದರೆ ಮಾತ್ರ ನಾನು ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಹಾನಗಲ್ ಸೀಮೆಯ ಕೆರೆಗಳ ಬಗೆಗಿನ ಕೊನೆಯ ಅಧ್ಯಾಯ ಒಯ್ದೆ. ಒಬ್ಬ ವಿಧವೆ ಒಡವೆ ಮಾರಿ ಕೆರೆ ಕಟ್ಟಿಸಿದಳೆಂಬ ಸಂಗತಿಯ ಮೇಲೆ ಅದು ನಿಂತಿತ್ತು.

"ಇದನ್ನ ತಗಿ ತಮ್ಮಾ," ಎಂದರು.

"ಮೂರು ಪುಸ್ತಕದಾಗ ಐತ್ರಿ ಮೇಡಂ!"

"ನಿಮ್ಮಕ್ಕಗ ಗಂಡು ನೋಡಿದಾಗ ಅವನ ಅಣ್ಣ, ಕಾಕಾ, ಸ್ವಾದರಮಾವ ಮೂರೂ ಮಂದಿ 'ಹುಡುಗ ಬಂಗಾರ' ಅಂದ್ರ, ಮೂರು ಸಾಕ್ಷಿ ಸಿಕ್ವು ಅಂತಿದ್ದೇನು?"

"ನಮ್ಮಕ್ಕನ ಗಂಡ ಛಲೋನ ಅದಾರ್ರಿ."

"ಅದು ಆಕಿ ನಸೀಬ. ಸಂಶೋಧನಾ ಅಲ್ಲ."

ಸಿಟ್ಟಿನಲ್ಲೇ ಪುಸ್ತಕಗಳ ಬೆನ್ನು ಹತ್ತಿದೆ. ಎರಡರ ಆಧಾರ ಹೋಗಿ ನಿಂತದ್ದು ಒಂದು ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ. ಅದರ ಸಂಪಾದಕರಾಗಿದ್ದ ನಿವೃತ್ತ ಮಾಸ್ತರರು ಶಿಗ್ಗಾವಿಯಲ್ಲಿ ಸಿಕ್ಕರು.

"ಒಂದು ಜಾಹೀರಾತು ಕೈ ಕೊಡ್ತು ನೋಡ್ರಿ. ಪುಟ ಖಾಲಿ ಬಿಟ್ರ ಛಂದ ಕಾಣೂದಿಲ್ಲಂತ ನಾನ ಬರದೆ. ಕಥಿ ಛಲೋ ಐತಿಲ್ಲ?" ಎಂದು ನಕ್ಕರು.

ಮೂರನೆಯದನ್ನು ಹುಡುಕುವ ತಾಳ್ಮೆ ಉಳಿಯಲಿಲ್ಲ. ಅಧ್ಯಾಯ ಹೋಯಿತು, ಗಡುವು ಹೋಯಿತು, ಹುದ್ದೆಯೂ ಹೋಯಿತು. ಮೇಡಂ ಸಮಾಧಾನದ ಒಂದು ಮಾತೂ ಆಡಲಿಲ್ಲ. ಎಲ್ಲರೂ ನುಂಗಿದ ಕಥೆಗೆ ನನ್ನ ಗಂಟಲನ್ನೇ ಏಕೆ ಹಿಡಿಯಬೇಕಿತ್ತು ಎಂದು ಎಷ್ಟೋ ವರ್ಷ ಬೈದುಕೊಂಡೆ.

ಈಚೆಗೆ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಸಾಲು ಬರೆಯಲು ಕೂತರೆ, ಯಾವ ಮಾತು ಅವರದು, ಯಾವುದು ನಾನು ಹೆಣೆದದ್ದು ಎಂದೇ ತಿಳಿಯಲಿಲ್ಲ. ತಿಳಿಯಬಹುದಾದದ್ದು ಒಂದಿತ್ತು: ಅಂದು ಬಿಟ್ಟಿದ್ದ ಆ ಮೂರನೆಯ ಪುಸ್ತಕ. ಅದು ಆಧಾರವಾಗಿ ತೋರಿಸಿದ್ದು ಮೇಡಂ ಅವರದೇ ಪಿಎಚ್‌ಡಿ ಪ್ರಬಂಧವನ್ನು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಆ ಪ್ರಬಂಧ ತೆರೆದು ನೋಡಿದೆ. ಒಡವೆ ಮಾರಿದ ವಿಧವೆ ಅಲ್ಲಿದ್ದಾಳೆ; ಕೆಳಗೆ, ಅದೇ ಸ್ಮರಣ ಸಂಚಿಕೆಯ ಹೆಸರಿದೆ.