ನೀರನ್ನು ಹಿಡಿದು ನಿಲ್ಲಿಸುವ ಬೆರಳು

ಬಾಗೂರಿನ ಶಾಲೆ ಮೈದಾನದಲ್ಲಿ ಬೆಳಗಿನ ಜಾವ. ಊರಿನವರೇ ಬರೆದುಕೊಂಡ ಪಾಳೇಗಾರನ ನಾಟಕ ಕೊನೆಯ ದೃಶ್ಯಕ್ಕೆ ಬಂದಿದೆ. ಒಡೆದ ಕೆರೆ ಏರಿಯ ಬಾಯಲ್ಲಿ ಪಾಳೇಗಾರ ನಿಂತು ಹಾಡುತ್ತಿದ್ದಾನೆ. ಅವನ ಬೆನ್ನ ಹಿಂದಿನ ಬಿಳಿ ಪರದೆಯ ಮೇಲೆ ನೀರು ಏರುತ್ತಿದೆ. ಮೊಣಕಾಲು ದಾಟಿತು, ಸೊಂಟ ದಾಟಿತು. ಕುತ್ತಿಗೆಗೆ ಬರುವ ಹೊತ್ತಿಗೆ ಹಾಡು ಮುಗಿಯಬೇಕು. ಆದರೆ ಹಾಡು ಅರ್ಧದಲ್ಲಿರುವಾಗಲೇ ಪಾಳೇಗಾರನ ಭಾವಮೈದ ಹೂವಿನ ಹಾರ ಹಿಡಿದು ವೇದಿಕೆ ಹತ್ತುತ್ತಾರೆ. ಪಕ್ಕದ ಮರೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಶಿವಯ್ಯ ಕೀಬೋರ್ಡಿನ ಉದ್ದನೆಯ ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ. ಹಾಡಿನ ಜೊತೆ ನೀರೂ ಎದೆಮಟ್ಟದಲ್ಲಿ ನಿಲ್ಲುತ್ತದೆ.

ನಮ್ಮ ಕಡೆಯ ಹಳ್ಳಿ ನಾಟಕಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಾಳೇಗಾರನ ಪಾತ್ರದಲ್ಲಿರುವುದು ಹಿಟ್ಟಿನ ಗಿರಣಿಯ ದೇವಯ್ಯ. ಅವರ ನೆಂಟರು ಯಾವಾಗ ಬೇಕಾದರೂ ವೇದಿಕೆ ಹತ್ತಿ ಹಾರ ಹಾಕಬಹುದು, ಶಾಲು ಹೊದಿಸಬಹುದು. ಮುಳುಗುತ್ತಿರುವವನಿಗೂ ಸನ್ಮಾನ ಮಾಡುವಷ್ಟು ದೊಡ್ಡ ಮನಸ್ಸು ನಮ್ಮದು. ಬಣ್ಣ ಬಳಿದ ಪರದೆಗಳ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ, ಬಟ್ಟೆಯ ಮೇಲಿನ ಕೆರೆ ಎಷ್ಟು ಹೊತ್ತಾದರೂ ಕಾಯುತ್ತಿತ್ತು. ವಿಡಿಯೋದ ಕೆರೆ ಕಾಯುವುದಿಲ್ಲ. ಅದನ್ನು ಯಾರಾದರೂ ಕಾಯಿಸಬೇಕು.

ಇವತ್ತು ಹಾರಗಳು ಮುಗಿಯುವ ಹಾಗೆ ಕಾಣುತ್ತಿಲ್ಲ, ಮೂಡಲಲ್ಲಿ ಆಗಲೇ ಬೆಳ್ಳಗಾಗುತ್ತಿದೆ. ಬೆಳಕು ಏರಿದಷ್ಟೂ ಪರದೆಯ ಚಿತ್ರ ಮಾಸುತ್ತದೆ. ನಾಟಕಗಳಿಗೆ ಪರದೆ ಒದಗಿಸುವ ಸೀನರಿ ಕಂಪನಿಯ ಮಾಲೀಕ ರುದ್ರಯ್ಯ ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ಶಿವಯ್ಯನ ಬೆರಳು ನೋಡುತ್ತಾರೆ. ಇವತ್ತೂ ಚಿತ್ರ ಕೆಟ್ಟರೆ ಆ ಕುರ್ಚಿಗೆ ಬೇರೆಯವರು ಎಂದು ಅವರು ಹಾಸನ ಬಿಡುವಾಗಲೇ ಹೇಳಿದ್ದಾರೆ. ಶಿವಯ್ಯನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು.

ಕೊರವಂಗಲದ ಹತ್ತಿರದ ಶಿವಯ್ಯ ೧೯೯೧ರಲ್ಲಿ ಈ ಕಂಪನಿಗೆ ಸೇರಿದ್ದು ಪರದೆ ಎಳೆಯುವುದಕ್ಕೆ. ಅರಮನೆ, ಕಾಡು, ಬೀದಿ, ಯಾವ ಪರದೆಯಾದರೂ ಹಗ್ಗದ ತುದಿ ಅವರ ಕೈಯಲ್ಲಿ. ಎಳೆದು ಹಿಡಿದರೆ ಪರದೆ ಮೇಲೆ, ಬಿಟ್ಟರೆ ಕೆಳಗೆ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಅವರು ಹೋಗದ ಊರಿಲ್ಲ, ಅವರನ್ನು ನೋಡಿದ ಪ್ರೇಕ್ಷಕನೂ ಇಲ್ಲ. ಇಬ್ಬನಿಯಲ್ಲಿ ನೆನೆದ ಪರದೆಗಳ ಭಾರಕ್ಕೆ ಬಲಭುಜ ಸೋತುಹೋಗಿ, ಈಗ ಆ ಕೈ ತಲೆಯ ಮೇಲಕ್ಕೆ ಏಳುವುದಿಲ್ಲ. ಹಗ್ಗದ ಕೆಲಸ ಅಲ್ಲಿಗೆ ಮುಗಿಯಿತು.

೨೦೦೬ರಲ್ಲಿ ರುದ್ರಯ್ಯ ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್ ತಂದಾಗ ಶಿವಯ್ಯನನ್ನು ಅದರ ಮುಂದೆ ಕೂರಿಸಿದ್ದು ಹಳೆಯ ಋಣಕ್ಕೆ. ಶಿವಯ್ಯನ ಹೆಂಡತಿ ಮಾಯಮ್ಮ ಅದನ್ನು ಮುಚ್ಚಿಡುವುದಿಲ್ಲ. “ಈ ಗುಂಡಿ ಒತ್ತೋದೂ ಕೈ ತಪ್ಪುದ್ರೆ ಇವ್ರಿಗೆ ಇನ್ನೇನೈತೆ ಸಾ? ನಾಟ್ಕ ಇಲ್ದಿದ್ ತಿಂಗ್ಳಲ್ಲಿ ಅನ್ನಾನೂ ಸರ್ಯಾಗಿ ಉಣ್ಣಕಿಲ್ಲ.”

ವಿಡಿಯೋ ಓಡಿಸುವ ಪ್ರೋಗ್ರಾಂ ಬರೆದುಕೊಟ್ಟವರು ಹೊಳೆನರಸೀಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಕೇದಾರ್. ಕೆರೆಗೆ ಬೇಕಾದ ನೀರನ್ನು ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಚಿತ್ರೀಕರಿಸಿ ತಂದವರೂ ಅವರೇ. ಅಂಕಿಗಳನ್ನು ಒತ್ತಿದರೆ ಒಂದೊಂದು ದೃಶ್ಯ ಬರುತ್ತದೆ. ಎಡಕ್ಕಿರುವ ಬಾಣದ ಗುಂಡಿ ಹಾಡಿನ ಮೊದಲಿಗೆ ಕರೆದೊಯ್ಯುತ್ತದೆ, ಜನ ‘ಒನ್ಸ್ ಮೋರ್’ ಎಂದು ಕೂಗಿದಾಗ ಬೇಕಲ್ಲ. ಉದ್ದ ಗುಂಡಿಯನ್ನು ಒಂದು ಸಲ ತಟ್ಟಿ ಬಿಟ್ಟರೆ ಚಿತ್ರ ನಿಲ್ಲುತ್ತದೆ, ಇನ್ನೊಮ್ಮೆ ತಟ್ಟಿದರೆ ಓಡುತ್ತದೆ. ಕೇಳಲು ಬಹಳ ಸುಲಭ.

ಆಗಾಗ ಸಣ್ಣಪುಟ್ಟದಾಗಿ ತಪ್ಪುತ್ತಿದ್ದುದು ದೊಡ್ಡ ಎಡವಟ್ಟಾಗಿದ್ದು ಕಳೆದ ತಿಂಗಳು, ಅರಕಲಗೂಡಿನ ಆಚೆಯ ಒಂದು ಹಳ್ಳಿಯಲ್ಲಿ. ರಾಣಿಗೆ ಹಾರ ಹಾಕಲು ಅವಳ ತವರಿನವರು ಬಂದರು. ಶಿವಯ್ಯ ಪರದೆಯ ಮೇಲೆ ಏರುತ್ತಿದ್ದ ಚಂದ್ರನನ್ನು ನಿಲ್ಲಿಸಲು ಗುಂಡಿ ಒತ್ತಿದರು, ಒತ್ತಿ ಹಾಗೇ ಹಿಡಿದುಕೊಂಡರು. ಬೆರಳು ತೆಗೆಯದಿದ್ದರೆ ಕಂಪ್ಯೂಟರ್ ಅದನ್ನು ಮೇಲಿಂದ ಮೇಲೆ ತಟ್ಟಿದ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ನಿಂತಿತು, ಓಡಿತು, ನಿಂತಿತು, ಓಡಿತು. ಚಂದ್ರನಿಗೆ ಬಿಕ್ಕಳಿಕೆ ಹತ್ತಿದಂತಾಯಿತು. ಜನ ಶಿಳ್ಳೆ ಹೊಡೆದರು, ರಾಜನ ಪಾತ್ರಧಾರಿ ಸಭೆಗೆ ಬೆನ್ನು ತಿರುಗಿಸಿ ಚಂದ್ರನನ್ನೇ ನೋಡುತ್ತ ನಿಂತ. ಗಾಬರಿಯಲ್ಲಿ ಶಿವಯ್ಯ ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದರು.

ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕೇದಾರ್ ಹತ್ತಾರು ಸಲ ಹೇಳಿದ್ದರು. ಕೈ ಮಾತ್ರ ಹಗ್ಗದ್ದು. “ನಿಲ್ಸು ಅಂದ್ರೆ ಹಿಡ್ಕೊ ಅಂತ್ಲೇ ನನ್ ಕೈಗೆ ಗೊತ್ತಿರೋದು ಸಾ,” ಎನ್ನುತ್ತಾರೆ ಶಿವಯ್ಯ. “ಹಗ್ಗ ತಟ್ಬುಟ್ಟು ಕೈ ಬುಟ್ರೆ ಪರದೆ ತಲೆ ಮ್ಯಾಲೆ ಬತ್ತದೆ. ಆ ಭಯ ಬೆರಳಲ್ಲಿ ಕುಂತ್ಬುಟ್ಟದೆ, ಏನ್ ಮಾಡ್ಲಿ?”

ಕೈಯನ್ನು ತಿದ್ದಲಾಗದೆ ಕೇದಾರ್ ಪ್ರೋಗ್ರಾಮನ್ನೇ ತಿದ್ದಿದರು. ಈಗ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಚಿತ್ರ ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ, ಥೇಟ್ ಹಗ್ಗದ ಹಾಗೆ. ಹೊಸ ಪ್ರೋಗ್ರಾಮಿಗೆ ಬಾಗೂರಿನದೇ ಮೊದಲ ಪರೀಕ್ಷೆ. ಇದರಲ್ಲಿ ಒಂದು ಕಷ್ಟವಿದೆ. ಹಾರ ಹಾಕುವವರು ಕೆಳಗಿಳಿಯುವ ತನಕ ಬೆರಳು ಅಲುಗಬಾರದು, ಭುಜದ ನೋವು ಬೆರಳಿಗೂ ಇಳಿಯುತ್ತದೆ.

ವೇದಿಕೆಯ ಮೇಲೆ ಈಗ ದೇವಯ್ಯನ ಗಿರಣಿ ಗೆಳೆಯರ ಸರದಿ. ಶಿವಯ್ಯ ಬೆರಳು ಎತ್ತಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದಿದ್ದಾರೆ. ನಾನು ಅವರ ಪಕ್ಕದಲ್ಲೇ ನಿಂತು ನೋಡುತ್ತಿದ್ದೇನೆ. ಕೊನೆಗೂ ಗೆಳೆಯರು ಇಳಿಯುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ, ಬೆರಳು ಮೇಲೇಳುತ್ತದೆ, ನೀರು ಏರಿ ಸರಿಯಾಗಿ ಕುತ್ತಿಗೆಗೆ ಬರುತ್ತದೆ. ಹಾಡು ಮುಗಿಯುತ್ತದೆ. ಶಿವಯ್ಯ ಗೆದ್ದರು ಎಂದುಕೊಳ್ಳುವಷ್ಟರಲ್ಲಿ ಮೈದಾನದ ತುಂಬ ‘ಒನ್ಸ್ ಮೋರ್’ ಕೂಗು.

ರುದ್ರಯ್ಯ ಎರಡೂ ಕೈಯಾಡಿಸಿ ಬೇಡ ಎನ್ನುತ್ತಾರೆ. ಬೆಳಕು ಹರಿಯುತ್ತಿದೆ, ಮತ್ತೆ ಶುರು ಮಾಡಿದರೆ ನಡುವೆಯೇ ಚಿತ್ರ ಅಳಿಸಿಹೋಗುವುದು ಖಂಡಿತ. ವೇದಿಕೆಯ ಮೇಲೆ ದೇವಯ್ಯ ಹಾರ ಸರಿಸಿಕೊಂಡು, ಕಣ್ಣೊರೆಸಿಕೊಂಡು, ಎರಡನೇ ಸಲಕ್ಕೆ ಎದೆಯುಬ್ಬಿಸಿ ನಿಂತಾಗಿದೆ. ಶಿವಯ್ಯ ಮಾಲೀಕರನ್ನು ನೋಡುತ್ತಾರೆ, ಪಾಳೇಗಾರನನ್ನು ನೋಡುತ್ತಾರೆ, ಎಡಬಾಣದ ಗುಂಡಿ ಒತ್ತುತ್ತಾರೆ. ನೀರು ಮೊಣಕಾಲಿಗೆ ಇಳಿಯುತ್ತದೆ.

ನೀರು ಎರಡನೇ ಸಲ ಸೊಂಟಕ್ಕೆ ಬರುವಾಗ ಪರದೆ ಬರೀ ಬಟ್ಟೆ. ಅದರ ಮೇಲೆ ಏನೂ ಇಲ್ಲ. ದೇವಯ್ಯ ಹಾಡು ನಿಲ್ಲಿಸಿಲ್ಲ, ಜನರೂ ಎದ್ದಿಲ್ಲ. ಅಷ್ಟರಲ್ಲಿ ದೇವಯ್ಯನ ಮಗಳು ಹಾರ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ನಾನು ಶಿವಯ್ಯನ ಕಡೆ ತಿರುಗುತ್ತೇನೆ. ಬೆರಳು ಗುಂಡಿಯ ಮೇಲೆ ಒತ್ತಿ ನಿಂತಿದೆ. ಯಾರಿಗೂ ಕಾಣದ ಆ ನೀರು, ಮೇಜಿನ ಮೇಲಿನ ಪುಟ್ಟ ಮಾನಿಟರಿನಲ್ಲಿ ಮಾತ್ರ, ಅಲುಗದೆ ನಿಂತಿದೆ. ಅವಳು ಇಳಿದ ಮೇಲೆ ಬೆರಳು ಎದ್ದಿತು, ಹಾಡು ಮುಗಿದಾಗ ನೀರು ಕುತ್ತಿಗೆಮಟ್ಟದಲ್ಲಿತ್ತು.

ರುದ್ರಯ್ಯ ಅದನ್ನೆಲ್ಲ ಹಿಂದೆ ನಿಂತೇ ನೋಡಿದ್ದರು. ಬೈಗುಳ ಬೀಳುತ್ತದೆಂದು ನಾನು ಕಾದೆ. ಅವರು ಪ್ರೊಜೆಕ್ಟರಿನ ವೈರು ಸುತ್ತುತ್ತ, ತಲೆಯೆತ್ತದೆ, “ಶನಿವಾರ ಚನ್ನರಾಯಪಟ್ಟಣ. ಲಾರಿ ಬ್ಯಾಗ ಬತ್ತದೆ ಶಿವಯ್ಯ, ಕಾಯಿಸ್ಬ್ಯಾಡ,” ಎಂದರು.

ಶಿವಯ್ಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದಾರೆ. ಪರದೆಯಲ್ಲಿ ಏನೂ ಕಾಣದಿದ್ದ ಮೇಲೆ ಗುಂಡಿ ಹಿಡಿದು ಯಾಕೆ ನೋವು ತಿಂದಿರಿ ಎಂದು ಕೇಳಿದೆ.

“ನೀರು ಕಾಣ್ದಿದ್ರೆ ಏನಾಯ್ತು ಸಾ, ಒಳಗೆ ನಿಂತಿದ್ದೋನು ಮನ್ಷ ಅಲ್ವಾ?”