ಮಡಚುವ ಗೋಡೆಯ ಆಚೆ ಈಚೆ

ಹೋದ ಶುಕ್ರವಾರ ವೇಟರ್ ನನ್ನ ಮುಂದೆ ಒಂದು ಬೋಗುಣಿ ಇಟ್ಟು ಮುಚ್ಚಳ ತೆಗೆದ. ಬೆಂಡೆಕಾಯಿ, ಸಿಗಡಿ, ಎಣ್ಣೆಯಲ್ಲಿ ಕಂದು ಬಣ್ಣ ಬರುವ ತನಕ ಹುರಿದ ಹಿಟ್ಟು, ಎಲ್ಲದರ ಹಬೆ ಒಟ್ಟಿಗೇ ಮೂಗಿಗೆ ಬಡಿಯಿತು. ನನಗೆ ತಕ್ಷಣ ನಗು ಬಂತು. ಸಾರು ನೋಡಿ ನಗುವವನು ಎಂಥವನು ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ.

ಈ ಸಾರಿಗೆ ಗಂಬೋ ಎಂದು ಹೆಸರು. ಕ್ರಿಯೋಲ್ ಅಡುಗೆಯಂತೆ. ಅಮೆರಿಕದ ಯಾವುದೋ ಕಡಲ ತೀರದಲ್ಲಿ ಫ್ರೆಂಚರು, ಆಫ್ರಿಕದವರು, ಸ್ಪೇನಿನವರು ಎಲ್ಲ ಒಂದೇ ಪಾತ್ರೆಗೆ ಕೈ ಹಾಕಿ ಮಾಡಿದ್ದು. ದೋಹಾದಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನಿರುವ ಮನ್ಸೂರಾ ಬಡಾವಣೆಯ ಕಟ್ಟಡದಲ್ಲಿ ಒಂದು ಮಹಡಿ ಹತ್ತುವುದರೊಳಗೆ ನಾಲ್ಕು ದೇಶದ ಒಗ್ಗರಣೆ ಮೂಗಿಗೆ ಬರುತ್ತದೆ. ಆದರೆ ಈ ಹೋಟೆಲಿನದು ದೊಡ್ಡವರ ಒಗ್ಗರಣೆ. ಮಂದ ದೀಪ, ಹಿತ್ತಾಳೆಯ ಹಿಡಿಕೆ, ಒಳಗೆ ಖಾಸಗಿ ಊಟದ ಕೋಣೆಗಳು. ಕುರ್ಚಿಯನ್ನು ನಾವೇ ಎಳೆದುಕೊಂಡರೆ ವೇಟರಿಗೆ ಬೇಸರ.

ಕೆಲವು ವರ್ಷಗಳ ಹಿಂದೆ ಇಲ್ಲಿ ಕೋಣೆ ಬುಕ್ ಮಾಡಿದವನು ನಾನೇ. ನನ್ನ ಅಕ್ಕನ ಮಗಳು ಸ್ವಾತಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಮ್ಮ ತುಳುವರಲ್ಲಿ ಹೆಣ್ಣಿನ ಮದುವೆ ಮಾತುಕತೆಗೆ ಸೋದರಮಾವ ಮುಂದೆ ನಿಲ್ಲಬೇಕು. ಅಕ್ಕ ಭಾವ ಇರುವುದು ದೂರದ ಅಲ್ ಖೋರ್‌ನಲ್ಲಿ, ಗಂಡಿನವರು ಇರುವುದು ಇನ್ನೊಂದು ದಿಕ್ಕಿನಲ್ಲಿ, ನನ್ನ ಮನೆಯಲ್ಲಿ ನಾಲ್ಕು ಜನ ಕೂತರೆ ಐದನೆಯವನು ವಾಷಿಂಗ್ ಮೆಷಿನ್ ಮೇಲೆ ಕೂರಬೇಕು. ಲುಸೈಲಿನ ಆಫೀಸಿನಲ್ಲಿ ಸಾಹೇಬರ ಅತಿಥಿಗಳಿಗೆ ಊಟದ ಕೋಣೆ ಬುಕ್ ಮಾಡುವುದು ನನ್ನ ಕೆಲಸಗಳಲ್ಲೊಂದು. ಆ ಹುಮ್ಮಸ್ಸಿನಲ್ಲಿ ಇಲ್ಲಿಗೇ ಫೋನ್ ಮಾಡಿ, "ಎರಡು ಫ್ಯಾಮಿಲಿ" ಎಂದು ಗತ್ತಿನಿಂದ ಹೇಳಿದೆ.

ಇನ್ನು ಸ್ವಾತಿಯ ನಗುವಿನ ವಿಷಯ ಹೇಳಲೇಬೇಕು. ಅದು ನಮ್ಮ ಅಮ್ಮನಿಂದ ಬಂದದ್ದು. ಮೊದಲು ಮೆಲ್ಲ ಶುರುವಾಗಿ, ತಡೆದು, ಆಮೇಲೆ ಕಟ್ಟೆ ಒಡೆದ ಹಾಗೆ ಬರುತ್ತದೆ. ಹಿಂದೊಮ್ಮೆ ಹೆಣ್ಣು ನೋಡಿ ಹೋದ ಒಂದು ಮನೆಯವರು, "ಹುಡುಗಿ ಒಳ್ಳೆಯವಳು, ನಗು ಮಾತ್ರ ಸ್ವಲ್ಪ ಜೋರಾಯ್ತು" ಎಂದು ಹೇಳಿ ಕಳಿಸಿದ್ದರು. ಅಂದಿನಿಂದ ಅಕ್ಕ ಆ ನಗುವಿನ ಹಿಂದೆ ಬಿದ್ದಳು. "ಮೆಲ್ಲ", "ಬಾಯಿಗೆ ಕೈ ಹಿಡಿ", ಇದೇ ಜಪ. ಕೊನೆಗೆ ಹುಡುಗಿ ನಗುವುದನ್ನೇ ಬಿಟ್ಟಳು. ನಾನು ಎಂಥ ಜೋಕು ಹೇಳಿದರೂ ತುಟಿ ಒಂದಿಷ್ಟು ಅಗಲ ಮಾಡಿ ಸುಮ್ಮನಾಗುತ್ತಿದ್ದಳು.

ಆ ದಿನ ನಾವು ಬೇಗ ಹೋಗಿ ಕೂತೆವು. ಗಂಡಿನವರ ಪತ್ತೆಯೇ ಇಲ್ಲ. "ಒಂದು ಫೋನ್ ಮಾಡ್ಲಾ?" ಎಂದೆ. ಭಾವ ಗದರಿದರು. "ಗಂಡಿನ ಕಡೆಯವರಿಗೆ ಎಲ್ಲಿದ್ದೀರಿ ಅಂತ ಕೇಳುವುದಾ? ಮರ್ಯಾದೆ ಬೇಡ್ವಾ?" ಅಕ್ಕ ಮಗಳ ಸೆರಗು ಸರಿಮಾಡುತ್ತ, "ಹಲ್ಲು ಕಾಣಿಸ್ಬೇಡ ಆಯ್ತಾ" ಎಂದಳು.

ಸ್ವಾತಿ ನನ್ನ ಕಡೆ ತಿರುಗಿದಳು. "ಮಾಮ, ಇವರು ಒಪ್ಪಿದ್ರೆ ನಾನು ಜೀವನ ಪೂರ್ತಿ ಹೀಗೇ ಬಾಯಿ ಮುಚ್ಚಿ ಕೂತ್ಕೊಳ್ಬೇಕಾ?"

ನಾನು ಮೆನು ಓದುವವನ ಹಾಗೆ ಮಾಡಿದೆ.

ಅಷ್ಟರಲ್ಲಿ ಗೋಡೆಯಿಂದ ತುಳು ಕೇಳಿಸಿತು. ಗೋಡೆ ಎಂದರೆ ನಿಜವಾದ ಗೋಡೆಯಲ್ಲ, ಬೇಕೆಂದಾಗ ಮಡಚಿ ಸರಿಸುವ ಮರದ ಹಲಗೆಗಳು. ಕತಾರದಲ್ಲಿ ಎರಡು ಫ್ಯಾಮಿಲಿ ಎಂದರೆ ಎರಡು ಕೋಣೆ ಎಂದೇ ಲೆಕ್ಕ, ಹೆಂಗಸರಿಗೆ ಮರೆ ಬೇಕಲ್ಲ. ಪಾಪ, ಮ್ಯಾನೇಜರ್ ಮರ್ಯಾದೆಯಿಂದಲೇ ನಮ್ಮನ್ನು ಈಚೆಗೂ ಗಂಡಿನವರನ್ನು ಆಚೆಗೂ ಕೂರಿಸಿದ್ದ. ಅವರೂ ನಮ್ಮನ್ನೇ ಕಾಯುತ್ತಿದ್ದರು. ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ, ಖಾರ ಸ್ವಲ್ಪ ಕಡಿಮೆಯಾದೀತು.

"ಆ ಸೋದರಮಾವ ದೊಡ್ಡ ಪೋಸ್ ಕೊಡುವ ಜನ ಇರ್ಬೇಕು," ಎಂದಿತು ಒಂದು ಗಂಡಸಿನ ದನಿ. "ಮನ್ಸೂರಾದಲ್ಲಿ ಒಂದು ಪ್ಲೇಟ್ ಗೋಳಿಬಜೆ ತರಿಸಿದ್ರೆ ಮಾತು ಮುಗೀತಿತ್ತು."

"ನೀವು ಮೊದಲು ಕೋಟಿನ ಗುಂಡಿ ಹಾಕಿ ಮಾರಾಯ್ರೆ," ಎಂದಿತು ಹೆಂಗಸಿನ ದನಿ.

"ಹಾಕಿದ್ರೆ ಉಸಿರು ನಿಲ್ತದೆ. ಮಗನ ಮದುವೆ ನೋಡಿ ಸಾಯ್ಬೇಕು ಅಂತ ನನಗೆ ಆಸೆ ಉಂಟು."

"ಪಪ್ಪ, ಮೆಲ್ಲ." ಇದು ಹುಡುಗನೇ ಇರಬೇಕು.

"ಎಂತಕ್ಕೆ ಮೆಲ್ಲ? ಈ ಹೋಟೆಲಿನಲ್ಲಿ ತುಳು ಯಾರಿಗೆ ಬರ್ತದೆ?"

ಮುಗಿಯಿತು. ಸ್ವಾತಿ ಬಾಯಿಗೆ ನ್ಯಾಪ್ಕಿನ್ ಒತ್ತಿದಳು, ಕಣ್ಣಲ್ಲಿ ನೀರು ತಂದುಕೊಂಡಳು, ಆಮೇಲೆ ಕಟ್ಟೆ ಒಡೆಯಿತು. ಎಷ್ಟೋ ತಿಂಗಳಿನದೆಲ್ಲ ಸೇರಿಸಿ ನಕ್ಕಳು. ಗ್ಲಾಸುಗಳು ಕಿಣಿಕಿಣಿ ಅಂದವು ಎಂದರೆ ನೀವು ನಂಬಬೇಕಾಗಿಲ್ಲ, ನನಗೆ ಮಾತ್ರ ಹಾಗೇ ಕೇಳಿಸಿತು. ಅಕ್ಕನ ಮುಖ ಬಿಳಿಚಿಹೋಯಿತು.

"ಪಪ್ಪ," ಎಂದಿತು ಹುಡುಗನ ದನಿ, "ಒಬ್ಬರಿಗಂತೂ ಬರ್ತದೆ."

ವೇಟರ್ ಓಡಿಬಂದು ಹಲಗೆಗಳನ್ನು ಸರಿಸಿದ. ಆಚೆ ಮೂರು ಜನ. ಅಪ್ಪನ ಕೋಟಿನ ಗುಂಡಿ ಇನ್ನೂ ಬಿಚ್ಚಿಯೇ ಇತ್ತು. "ಯಾರು ನಗಾಡಿದ್ದು?" ಎಂದು ಹುಡುಗನ ತಾಯಿ ಕೇಳಿದರು.

ಅಕ್ಕ ಎದ್ದು ನಿಂತು, "ಅದು... ನಮ್ಮ ಹುಡುಗಿ ಹಾಗೆಲ್ಲ ನಗುವವಳಲ್ಲ..." ಎಂದು ತಡವರಿಸಿದಳು.

"ನಾನೇ ಆಂಟಿ," ಎಂದಳು ಸ್ವಾತಿ. ತಲೆ ತಗ್ಗಿಸಲಿಲ್ಲ. "ನಾನು ನಗುವುದೇ ಹೀಗೆ."

ಆ ತಾಯಿ ಅವಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. "ಸದ್ಯ, ದೇವರು ದೊಡ್ಡವನು!" ಎಂದರು. "ಇಷ್ಟು ವರ್ಷ ಇವರ ಮಾತಿಗೆ ನಮ್ಮ ಮನೆಯಲ್ಲಿ ನಗುವವರು ಒಬ್ಬರೂ ಇರಲಿಲ್ಲ. ನನಗೂ ಸಾಕಾಗಿತ್ತು."

ಆಮೇಲೆ ಗಂಬೋ ಬಂತು. ಬೀಗರಾಗಲಿದ್ದವರು ಒಂದು ಚಮಚ ಕುಡಿದು, "ಇದು ನಮ್ಮ ಸಿಗಡಿ ಗಸಿಯೇ, ತೆಂಗಿನಕಾಯಿ ಮರೆತಿದ್ದಾರೆ" ಎಂದು ತೀರ್ಪು ಕೊಟ್ಟರು. ಸ್ವಾತಿ ಮತ್ತೆ ನಕ್ಕಳು. ಹುಡುಗ ಊಟ ಬಿಟ್ಟು ಆ ನಗುವನ್ನೇ ನೋಡುತ್ತ ಕೂತಿದ್ದ. ಪೋಸ್ ಕೊಡುವ ಸೋದರಮಾವನಿಗೆ ಅಷ್ಟು ಸಾಕಾಗಿತ್ತು.

ಹೋದ ಶುಕ್ರವಾರ ಸ್ವಾತಿಯ ಮಗಳಿಗೆ ಒಂದು ವರ್ಷ ತುಂಬಿತು. ಅದೇ ಕೋಣೆ, ಈ ಸಲ ಒಂದೇ. ಬೀಗರು ಕೋಟು ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಸಾರು ನೋಡಿ ನಕ್ಕದ್ದು ಕಂಡು, ಅಕ್ಕನ ಮಡಿಲಲ್ಲಿದ್ದ ಮಗುವಿಗೆ ಏನನ್ನಿಸಿತೋ, ಅದೂ ನಗಲು ಶುರು ಮಾಡಿತು. ಮೊದಲು ಮೆಲ್ಲ, ತಡೆದು, ಆಮೇಲೆ ಕಟ್ಟೆ ಒಡೆದ ಹಾಗೆ. ಹೊರಗಿನ ಹಾಲಿನಲ್ಲಿ ಉಣ್ಣುತ್ತಿದ್ದವರು ಚಮಚ ಹಿಡಿದುಕೊಂಡೇ ಈ ಕಡೆ ತಿರುಗಿದರು. ವೇಟರ್ ವಿನಯದಿಂದ ಬಾಗಿಲು ಎಳೆದುಕೊಳ್ಳಲು ಬಂದ. ನಾನು ಅಕ್ಕನ ಮುಖ ನೋಡಿದೆ. ಹಳೆಯ ಜಪ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ.

ಅಕ್ಕ ಕೈ ಎತ್ತಿ ವೇಟರನ್ನು ತಡೆದಳು. "ಖಲಾಸ್ ಭಯ್ಯಾ, ಖುಲ್ಲಾ ರಖೋ," ಎಂದಳು, ಸಾಕು, ಬಾಗಿಲು ತೆರೆದೇ ಇರಲಿ ಅಂತ. ಆಮೇಲೆ ನನ್ನ ಕಡೆ ತಿರುಗಿ, "ಕೇಳ್ಲಿ ಬಿಡು. ನಮ್ಮ ಮಗು ನಗ್ತಾ ಉಂಟು."