ಅನುಮಾನಣ್ಣ ಮತ್ತು ಸಂದರ್ಶನದ ಅಂಕ

ಬಸ್ ಡಿಪೋದಲ್ಲಿ ಎಲ್ಲರೂ ಅವರನ್ನು ಅನುಮಾನಣ್ಣ ಎಂದೇ ಕರೆಯುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡಾಗ ಎಷ್ಟೋ ಜನಕ್ಕೆ ನಿಜವಾದ ಹೆಸರೇ ಹೊಳೆಯಲಿಲ್ಲ. ಹುಷಾರಾಗುತ್ತೀರಿ ಎಂದು ಡಾಕ್ಟರು ಹೇಳಿ ಹೋದ ಮೇಲೆ, ಆತ ಯಾಕೆ ಅಷ್ಟು ನಗುತ್ತಿದ್ದ ಎಂದು ಹೆಂಡತಿಯನ್ನು ಕೇಳಿದ್ದರಂತೆ.

ಮೂವತ್ತು ವರ್ಷ ಬಸ್ಸು ಓಡಿಸಿದ ಮೇಲೆ, ಹೊಸ ಚಾಲಕರ ಸಂದರ್ಶನದಲ್ಲಿ ಮ್ಯಾನೇಜರ ಪಕ್ಕದ ಕುರ್ಚಿ ಅವರದಾಯಿತು. ಪಟಪಟನೆ ಉತ್ತರ ಕೊಡುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಕಣ್ಣಾಗುತ್ತಿತ್ತು. ಇಷ್ಟು ಬಾಯಿಪಾಠ ಮಾಡಿಕೊಂಡು ಬಂದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಗುಮಾನಿ. ಒಮ್ಮೆ ಹಳೆಯ ಅಂಕಪಟ್ಟಿಗಳನ್ನೂ ಅಪಘಾತದ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮ್ಯಾನೇಜರಿಂದ ಹತ್ತಕ್ಕೆ ಒಂಬತ್ತು ಗಿಟ್ಟಿಸಿದವನು ಮೂರು ಸಲ ಡಿಪೋ ಗೇಟಿಗೇ ಗುದ್ದಿದ್ದ. ನಾಲ್ಕು ಪಡೆದವಳ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹಿಗ್ಗಿನಿಂದ ತೋರಿಸಲು ಹೋದರೆ, ಮ್ಯಾನೇಜರು ಅನುಮಾನಣ್ಣ ಕೊಟ್ಟಿದ್ದ ಅಂಕಗಳ ಮೇಲೆ ಬೆರಳಿಟ್ಟರು. ಅವೂ ಅಷ್ಟೇ ತಲೆಕೆಳಗು; ಪಟಪಟ ಮಾತಾಡಿದರೆಂದು ಅವರು ಒಂದೋ ಎರಡೋ ಕೊಟ್ಟವರಲ್ಲಿ ಎಷ್ಟೋ ಜನ ಒಂದು ಅಪಘಾತವನ್ನೂ ಮಾಡಿರಲಿಲ್ಲ. ಅಂದಿನಿಂದ ಅವರಿಗೆ ತಮ್ಮ ಅನುಮಾನದ ಮೇಲೂ ಅನುಮಾನ.

ಆಮೇಲೆ ಬಂದವನು ಒಬ್ಬ ಲಾರಿ ಚಾಲಕ. ವಯಸ್ಸಿನ ಮಿತಿ ದಾಟಲು ಎರಡೇ ತಿಂಗಳು. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಕೇಳಿದ್ದಕ್ಕೆಲ್ಲ ಕುತ್ತಿಗೆ ಒರೆಸಿಕೊಂಡ, ಫೈಲು ಕೈಜಾರಿ ಕಾಗದವೆಲ್ಲ ಚೆಲ್ಲಿದ. ಮ್ಯಾನೇಜರು ಎರಡು ಅಂಕ ಗೀಚಿದರು. ಅನುಮಾನಣ್ಣ ಒಂದು ಎಂದು ಬರೆಯುವುದರಲ್ಲಿದ್ದವರು ಪೆನ್ನು ತಡೆದರು. ಒಂದು ವಾರ ಬಸ್ಸು ಓಡಿಸಲಿ, ನಾನು ಪಕ್ಕದಲ್ಲಿರುತ್ತೇನೆ ಎಂದು ಹಟ ಹಿಡಿದು ಒಪ್ಪಿಸಿದರು.

ವಾರವೆಲ್ಲ ಬಸ್ಸು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಅದೇ ಅವರನ್ನು ಚುಚ್ಚತೊಡಗಿತು.

"ನಾನು ಕೂತಿದ್ದೀನಿ ಅಂತ ಇಷ್ಟು ನೀಟಾಗಿ ಓಡಿಸ್ತಿದ್ದೀಯೇನಪ್ಪಾ?"

"ಇರಬಹುದು ಸಾರ್. ನೀವಿಲ್ದಿದ್ರೆ ಹೆಂಗೋ, ನಂಗೂ ಗೊತ್ತಿಲ್ಲ."

ಈ ಉತ್ತರವೂ ಬಾಯಿಪಾಠವೇ? ಇನ್ನು ಮೂರು ದಿನ ನೀನೊಬ್ಬನೇ ಓಡಿಸು ಎಂದರು. ಮಾರನೆಯ ದಿನದಿಂದ ಹೆಂಡತಿಯ ಶಾಲನ್ನು ತಲೆಗೆ ಸುತ್ತಿಕೊಂಡು, ಹಿಂದಿನ ಬಾಗಿಲಿನಿಂದ ಹತ್ತಿ, ಕಡೆಯ ಸೀಟಿನಲ್ಲಿ ಮುದುರಿ ಕೂತರು. ಮೂರನೆಯ ಸಂಜೆ ಮುಂದಿನ ಬಾಗಿಲಿನಿಂದ ಇಳಿಯುವಾಗ ಚಾಲಕ ತಿರುಗಿ ನೋಡದೆಯೇ ಕೇಳಿದ:

"ಶಾಲು ಹೊದ್ದು ಸೆಕೆ ಆಗ್ಲಿಲ್ವಾ ಸಾರ್?"

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲ್ನೇ ದಿನದಿಂದ. ಹತ್ತಿದವರೆಲ್ಲ ಕೂತ್ರಾ ಅಂತ ಕನ್ನಡೀಲಿ ನೋಡ್ದೆ ನಾನು ಗಾಡಿ ಬಿಡಲ್ಲ."

ಪರೀಕ್ಷೆ ಕೆಟ್ಟಿತೋ, ಅವನು ಪಾಸಾದನೋ, ಅನುಮಾನಣ್ಣನಿಗೆ ತಿಳಿಯಲಿಲ್ಲ. ಡಿಪೋಗೆ ಬಂದು ಅಂಕದ ಜಾಗವನ್ನು ಖಾಲಿ ಬಿಟ್ಟು ಕೆಳಗೆ ಬರೆದರು: 'ಕೆಲಸ ಕೊಡಿ. ಹೇಗಿದ್ದಾನೆ ಎಂದು ವರ್ಷ ಕಳೆದ ಮೇಲೆ ಕೇಳಿ.' ಮ್ಯಾನೇಜರು ಗೊಣಗುತ್ತಲೇ ರುಜು ಹಾಕಿದರು.

ವರ್ಷ ತುಂಬಲು ಇನ್ನೂ ನಾಲ್ಕು ತಿಂಗಳಿದೆ. ಈವರೆಗೆ ಒಂದು ದೂರೂ ಬಂದಿಲ್ಲ. ಅಷ್ಟಕ್ಕೇ ನಂಬಿಬಿಡುವವರಾಗಿರಲಿಲ್ಲ ಅನುಮಾನಣ್ಣ.